ಹದಿನಾಲ್ಕು ಗಂಟೆಯ ಬೆಂಕಿ

ನವೆಂಬರ್ 4, ಮಂಗಳವಾರ

ಬೆಳಿಗ್ಗೆ 6: ನೀರು 57 ಡಿಗ್ರಿ. ಏಳು ಕೊರಡು ಹಾಕಿದೆ.
9: 56. ಏಳು ಕೊರಡು.
12: 58. ಆರು ಕೊರಡು.
3: 55. ಏಳು ಕೊರಡು.
ಸಂಜೆ 6: 56. ಎಂಟು ಕೊರಡು.

ಈ ನೋಟುಬುಕ್ಕು ತಂದದ್ದು ಇಷ್ಟು ಬರೆಯುವುದಕ್ಕೆ. ಆದರೆ ಅಂಕಿಗಳು ಕಾಲು ಪುಟಕ್ಕೇ ಮುಗಿದವು. ನಾನು ಬಟ್ಟೆ ಕತ್ತರಿಸಿ ಬದುಕಿದವಳು, ಜಾಗ ಹಾಳಾಗುವುದನ್ನು ನೋಡಿಕೊಂಡು ಸುಮ್ಮನಿರಲಾರೆ. ಬೈಯೋಣವೆಂದರೆ ಮನೆಯಲ್ಲಿ ಇರುವುದು ಅಣ್ಣ ಒಬ್ಬನೇ, ಹಾಸಿಗೆ ಹಿಡಿದವನಿಗೆ ಬೈದರೆ ಪಾಪ ತಟ್ಟುತ್ತದೆ. ಹಾಗಾಗಿ ಇಲ್ಲಿ ಬರೆಯುತ್ತೇನೆ.

ಹಿತ್ತಲ ಬಾಗಿಲಿನಿಂದ ಇಪ್ಪತ್ತು ಹೆಜ್ಜೆಗೆ ಅದು ನಿಂತಿದೆ. ಅಣ್ಣ ವೆಲ್ಡಿಂಗ್ ಕೆಲಸದವನು, ಹನ್ನೆರಡು ವರ್ಷದ ಹಿಂದೆ ತಾನೇ ಬೆಸುಗೆ ಹಾಕಿ ಕಟ್ಟಿದ ಕಬ್ಬಿಣದ ಒಲೆ. ಒಳಗೆ ಬೆಂಕಿ, ಸುತ್ತ ನೀರು. ಕಾದ ನೀರು ನೆಲದೊಳಗಿನ ಪೈಪಿನಲ್ಲಿ ಮನೆಗೆ ಬಂದು, ಕೋಣೆಗಳನ್ನೆಲ್ಲ ಬೆಚ್ಚಗೆ ಮಾಡಿ, ತಣ್ಣಗಾಗಿ ವಾಪಸು ಹೋಗುತ್ತದೆ. ಮೂರು ಗಂಟೆಗೊಮ್ಮೆ ಸೌದೆ ಹಾಕಬೇಕು, ರಾತ್ರಿಯೂ. ಹಾಕದಿದ್ದರೆ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ, ಆಮೇಲೆ ಬೇಸಿಗೆಯವರೆಗೆ ಈ ಮನೆಯಲ್ಲಿ ಮನುಷ್ಯರು ಇರುವಂತಿಲ್ಲ. ನಾನು ಅದನ್ನು ಬಕಾಸುರ ಎಂದು ಕರೆಯುತ್ತೇನೆ. ಅಣ್ಣನಿಗೆ ಸಿಟ್ಟು ಬರುತ್ತದೆ.

ಅಣ್ಣನಿಗೆ ಲಕ್ವ ಹೊಡೆದಾಗ ಹದಿನೈದು ದಿನಕ್ಕೆಂದು ಒಂದು ಬ್ಯಾಗು ಹಿಡಿದು ಬಂದವಳು ನಾನು. ಹದಿನೈದು ತಿಂಗಳಾಯಿತು. ಇಲ್ಲಿ ವರ್ಷಕ್ಕೆ ಎಂಟು ತಿಂಗಳು ಚಳಿ, ಉಳಿದ ನಾಲ್ಕು ತಿಂಗಳು ಅವನ ಆಸ್ಪತ್ರೆಯ ಓಡಾಟ. ಅವನ ಬಲಗೈ ಬಲಗಾಲು ಸತ್ತಿವೆ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿದೆ.

ನವೆಂಬರ್ 9, ಭಾನುವಾರ

ಡೇರೆ ಹೊಲಿಯುವ ಕಾರ್ಖಾನೆಯಿಂದ ಫೋನು. ಮೇಲ್ವಿಚಾರಕಿಯೇ ಮಾತಾಡಿದಳು. ಇಪ್ಪತ್ತೆರಡು ವರ್ಷ ನಾನು ಕತ್ತರಿ ಹಿಡಿದ ಮೇಜು ಜನವರಿ ಕೊನೆಗೆ ಖಾಲಿಯಾಗುತ್ತದೆಯಂತೆ. ಆದರೆ ಈಗ ಮಾಲೀಕರು ಬದಲಾಗಿದ್ದಾರೆ, ಹಳಬರಾದರೂ ಒಂದು ದಿನ ಪೂರ್ತಿ ಕೆಲಸ ಮಾಡಿ ತೋರಿಸಬೇಕು. ಜನವರಿ 28, ಬುಧವಾರ. ಆ ದಿನ ತಪ್ಪಿದರೆ ಬೇರೆಯವರಿಗೆ.

ಯೋಚನೆ ಮಾಡುವ ಮುಂಚೆಯೇ ಬರ್ತೀನಿ ಅಂದುಬಿಟ್ಟೆ. ಫೋನಿಟ್ಟ ಮೇಲೆ ಲೆಕ್ಕ ಹಾಕಿದೆ. ಬೆಳಿಗ್ಗೆ ಆರಕ್ಕೆ ಒಲೆ ತುಂಬಿ ಬಸ್ಸು ಹಿಡಿದರೆ, ರಾತ್ರಿ ಎಂಟಕ್ಕೆ ವಾಪಸು. ಹದಿನಾಲ್ಕು ಗಂಟೆ. ಬಕಾಸುರನಿಗೆ ಮೂರು. ಐವತ್ತೊಂದು ವಯಸ್ಸಿನವಳನ್ನು ಮತ್ತೆ ಯಾರೂ ಫೋನು ಮಾಡಿ ಕರೆಯುವುದಿಲ್ಲ.

ಇನ್ನೊಬ್ಬರಿಗೆ ಒಪ್ಪಿಸೋಣವೆಂದರೆ ರಸ್ತೆಯ ಕೊನೆಯ ಮನೆ ನಮ್ಮದು. ಹಿಂದುಗಡೆ ಬೇಲಿಯಾಚೆ ನಿವೃತ್ತ ಲೆಕ್ಕದ ಟೀಚರ್ ಒಬ್ಬರಿದ್ದಾರೆ. ಆರು ವರ್ಷದ ಹಿಂದೆ ಆಕೆ ಒಲೆಯ ಹೊಗೆಯ ಮೇಲೆ ಪುರಸಭೆಗೆ ದೂರು ಕೊಟ್ಟಿದ್ದರು. ಅಂದಿನಿಂದ ಅಣ್ಣನಿಗೂ ಅವರಿಗೂ ಮಾತಿಲ್ಲ. ಅವನ ಜೊತೆಗೆ ನನಗೂ ಇಲ್ಲ.

ಸಂಜೆ ಅಣ್ಣ, ತನ್ನನ್ನೊಮ್ಮೆ ಒಲೆಯ ಹತ್ತಿರ ಕರೆದುಕೊಂಡು ಹೋಗು ಅಂದ. ನನಗೆ ನಗು ಬಂತು. ಇರುವ ಮೂರು ಗಂಟೆಯಲ್ಲಿ ಅಡಿಗೆ ಮಾಡಲೋ, ಅವನನ್ನು ಮೆರವಣಿಗೆ ಮಾಡಲೋ? ಗಾಲಿಕುರ್ಚಿಯ ಮೇಲೆ ಮಡಿಸದ ಬಟ್ಟೆ ಬೇರೆ ಬೆಟ್ಟದಷ್ಟು ಬಿದ್ದಿದೆ.

ನವೆಂಬರ್ 16, ಭಾನುವಾರ

ಸೌದೆಯವನು ಲಾರಿ ತಂದಾಗ ಬಾಗಿಲಲ್ಲೇ ಹಿಡಿದು ನಿಲ್ಲಿಸಿ ಕೇಳಿದೆ, ಈ ಒಲೆ ಯಾಕಪ್ಪ ಇಷ್ಟು ತಿನ್ನುತ್ತೆ ಅಂತ. ಅವನು ಎರಡು ಕೊರಡು ತೆಗೆದು ಒಂದಕ್ಕೊಂದು ಬಡಿದ. ದಬ್ ಅಂತು. ಒಣಗಿದ್ದಾದರೆ ಠಣ್ ಅನ್ನಬೇಕಂತೆ.

"ಅಕ್ಕ, ನೀವು ಸುಡ್ತಿರೋದು ಸೌದೆ ಅಲ್ಲ, ನೀರು. ಮೊದಲು ಅದು ಆವಿಯಾಗ್ಬೇಕು, ಆಮೇಲೆ ನಿಮ್ಮ ನೀರು ಕಾಯ್ಬೇಕು."

ಹಾಗಿದ್ದರೆ ಹಸಿ ಸೌದೆ ಯಾಕೆ ತರುತ್ತೀಯ ಎಂದರೆ, ನಿಮ್ಮಣ್ಣ ಕೇಳುವುದೇ ಅದನ್ನು ಅಂದ. ಹಸಿ ಮರ ನಿಧಾನಕ್ಕೆ ಉರಿಯುತ್ತದೆ, ಆದ್ದರಿಂದ ಹೆಚ್ಚು ಹೊತ್ತು ಬಾಳುತ್ತದೆ ಎಂಬುದು ಅಣ್ಣನ ಸಿದ್ಧಾಂತ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಒಲೆಯ ಪಕ್ಕದ ಶೆಡ್ಡಿನಲ್ಲೇ ದಿನವೆಲ್ಲ ವೆಲ್ಡಿಂಗ್ ಮಾಡುತ್ತಿದ್ದವನಿಗೆ ಮೂರು ಗಂಟೆಗೊಮ್ಮೆ ಕೈ ಚಾಚಿ ನಾಲ್ಕು ಕೊರಡು ಎಸೆಯುವುದು ಏನು ಕಷ್ಟ?

ಎರಡು ವರ್ಷ ಒಣಗಿದ ಸೌದೆ ತರಲು ಹೇಳಿದ್ದೇನೆ. ಅಣ್ಣನಿಗೆ ಹೇಳಿಲ್ಲ. ಫೋನಿನ ವಿಷಯವನ್ನೂ ಹೇಳಿಲ್ಲ.

ನವೆಂಬರ್ 24, ಸೋಮವಾರ

ಒಣ ಸೌದೆ, ಮಣಿಕಟ್ಟಿನಷ್ಟು ದಪ್ಪಕ್ಕೆ ಸೀಳಿದ್ದು. ಒಮ್ಮೆ ತುಂಬಿದರೆ ನಾಲ್ಕೂವರೆ ಗಂಟೆ. ಎರಡು ಸಲ ಅಳೆದೆ.

ಡಿಸೆಂಬರ್ 1, ಸೋಮವಾರ

ಈ ವರ್ಷದ ಮೊದಲ ಹಿಮ ಬಿತ್ತು. ಬೆಳಿಗ್ಗೆ ಹಿತ್ತಲಿಗೆ ಹೋದರೆ, ಬಿಳಿಯ ಅಂಗಳದಲ್ಲಿ ಎರಡು ಕಪ್ಪು ಪಟ್ಟೆ. ಹಿಮ ಅಲ್ಲಿ ನಿಂತೇ ಇಲ್ಲ. ಹೋದ ಚಳಿಗಾಲ ನಿದ್ದೆಗಣ್ಣಿನಲ್ಲಿ ಓಡಾಡುತ್ತಿದ್ದವಳಿಗೆ ಇದು ಕಂಡಿರಲಿಲ್ಲ. ಒಂದು ಪಟ್ಟೆ ಒಲೆಯಿಂದ ನಮ್ಮ ಬಾಗಿಲಿಗೆ, ಇನ್ನೊಂದು ಒಲೆಯಿಂದ ಅಣ್ಣನ ಶೆಡ್ಡಿನ ಕಡೆಗೆ. ಸೀಮೆಸುಣ್ಣದಲ್ಲಿ ಗುರುತು ಹಾಕಿದಷ್ಟು ನೇರ. ಪೈಪು ಹೋಗುವ ದಾರಿ ಅದು. ನಾನು ರಾತ್ರಿ ಎದ್ದೆದ್ದು ಕಾಯಿಸಿದ ನೀರು ದಾರಿಯುದ್ದಕ್ಕೂ ಮಣ್ಣನ್ನು ಬೆಚ್ಚಗಿಡುತ್ತಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅಣ್ಣನನ್ನು ಕೇಳಿದೆ, ಶೆಡ್ಡಿಗೂ ಪೈಪು ಎಳೆದಿದ್ದೀಯಾ ಅಂತ. ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಅವನ ಹಾಸಿಗೆ ಕಿಟಕಿಗೆ ಅಂಟಿಕೊಂಡೇ ಇದೆ. ಅಲ್ಲಿಂದ ಒಲೆ, ಶೆಡ್ಡು, ಬೇಲಿ, ಬೇಲಿಯಾಚೆ ಟೀಚರ್ ಮನೆಯ ಒಂದು ಕಿಟಕಿ, ಇಷ್ಟು ಕಾಣುತ್ತದೆ.

"ಅದರ ತಂಟೆಗೆ ಹೋಗ್ಬೇಡ" ಅಂದ.

ಖಾಲಿ ಶೆಡ್ಡನ್ನು ಯಾರಿಗೋಸ್ಕರ ಕಾಯಿಸಬೇಕು? ವಾಲ್ವ್ ಎಲ್ಲಿದೆ ಎಂದು ಹುಡುಕಿದೆ. ಒಲೆಯ ಹಿಂದೆ ವರ್ಷಗಳ ಬೂದಿ, ಗುಜರಿ ಕಬ್ಬಿಣ, ಅದರ ಮೇಲೆ ಹಿಮ. ಸಿಗಲಿಲ್ಲ.

ಡಿಸೆಂಬರ್ 8, ಸೋಮವಾರ

ಸೌದೆಯವನ ಮಾವ ಬೇಕರಿಗಳಿಗೆ ಒಲೆ ಕಟ್ಟುವವನಾಗಿದ್ದ. ಕೆಡವಿದ ಒಂದು ಬೇಕರಿಯ ಬೆಂಕಿ ಇಟ್ಟಿಗೆ ಅರ್ಧ ಲಾರಿ ಅವನ ಹತ್ತಿರ ಬಿದ್ದಿತ್ತು. ಆ ಮಾವ ಹೇಳಿದ್ದು ಇದು: ಬೆಂಕಿಯ ಸುತ್ತಲೂ ನೀರೇ ಇದ್ದರೆ ಬೆಂಕಿಗೆ ಮೈ ಕಾಯುವುದೇ ಇಲ್ಲ, ಉರಿಯಬೇಕಾದ್ದೆಲ್ಲ ಹೊಗೆಯಾಗಿ ಚಿಮಣಿ ಹತ್ತುತ್ತದೆ. ತಳಕ್ಕೂ ಎರಡು ಪಕ್ಕಕ್ಕೂ ಇಟ್ಟಿಗೆ ಇಟ್ಟರೆ ಬೆಂಕಿ ಬಿಸಿಯಾಗಿ ಹೊಗೆಯನ್ನೂ ಸುಡುತ್ತದೆ.

ಅಣ್ಣ ಮಧ್ಯಾಹ್ನ ಮಲಗಿದಾಗ ಒಲೆಯನ್ನು ಒಂದು ಗಂಟೆ ಆರಿಸಿ ನಾನೂ ಸೌದೆಯವನೂ ಸೇರಿ ಜೋಡಿಸಿದೆವು. ನಾನು ಒಳಕ್ಕೆ ಅರ್ಧ ಮೈ ತೂರಿಸಿದ್ದೆ, ಹೊರಗೆ ಬಂದಾಗ ಕಣ್ಣು ಹಲ್ಲು ಬಿಟ್ಟು ಉಳಿದಿದ್ದೆಲ್ಲ ಕಪ್ಪು. ಹೊತ್ತಿಸಿ ಅರ್ಧ ಗಂಟೆಗೆ ಚಿಮಣಿಯಲ್ಲಿ ಹೊಗೆಯೇ ಇಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಇರಬೇಕು.

ಒಳಗೆ ಬಂದರೆ ಅಣ್ಣ ಎಚ್ಚರವಾಗಿದ್ದ. ಒಲೆಯ ಸದ್ದು ಬದಲಾಗಿದೆ, ಏನು ಮಾಡಿದೆ ಎಂದು ಕೇಳಿದ. ಇಟ್ಟಿಗೆ ಅಂದೆ. ನೀರಿಗೂ ಬೆಂಕಿಗೂ ನಡುವೆ ಇಟ್ಟಿಗೆ ಇಟ್ಟರೆ ನೀರು ಕಾಯುವುದು ಹೇಗೆ ಎಂದು ಕೂಗಾಡಿದ. ನಾನೂ ಸುಮ್ಮನಿರಲಿಲ್ಲ, ಹದಿನಾರು ತಿಂಗಳಿಂದ ಅದರ ಬಾಯಿಗೆ ತುತ್ತು ಹಾಕುತ್ತಿರುವವಳು ನಾನು ಅಂದೆ. ಅವನು ಎಡಗೈಯಿಂದ ಗಂಜಿ ಬಟ್ಟಲು ದೂರ ತಳ್ಳಿದ. ಊಟ ಮಾಡಲಿಲ್ಲ.

ಆರೂಕಾಲು ಗಂಟೆ.

ಡಿಸೆಂಬರ್ 14, ಭಾನುವಾರ

ಅಣ್ಣನ ಕೋಣೆಯೇ ಮನೆಯಲ್ಲಿ ಅತಿ ತಣ್ಣಗಿರುವುದು. ಕೈ ಇಟ್ಟು ನೋಡಿದೆ, ಎಲ್ಲ ಕಿಟಕಿಯಿಂದ. ಗಾಜಿನ ಸಂದಿಯಲ್ಲಿ ಗಾಳಿ ಸೂಜಿಯ ಹಾಗೆ ಬರುತ್ತದೆ. ಹಳೆಯ ಎರಡು ರಜಾಯಿ ಸೇರಿಸಿ ಹೊಲಿದು, ಅಂಚಿಗೆ ಪಟ್ಟಿ ಕೊಟ್ಟು, ಕಿಟಕಿಗೆ ಮೊಳೆ ಹೊಡೆದು ಬಿಗಿದೆ. ಅಳತೆ ಒಂದು ಕೂದಲಿನಷ್ಟೂ ತಪ್ಪಿಲ್ಲ. ಕೈ ಇನ್ನೂ ಮರೆತಿಲ್ಲ ಎಂದು ಖುಷಿಯಾಯಿತು.

ಕೋಣೆ ಕತ್ತಲೆಯಾಗುತ್ತೆ ಅಂದ ಅಣ್ಣ. ದೀಪ ಇದೆಯಲ್ಲ ಅಂದೆ.

ಆರೂಮುಕ್ಕಾಲು.

ಡಿಸೆಂಬರ್ 20, ಶನಿವಾರ

ಒಲೆಯ ಬಾಗಿಲ ಅಂಚಿಗೆ ಬೆಂಕಿ ತಡೆಯುವ ಹಗ್ಗ ಕೂರಿಸಿದೆ. ಬೂದಿಯ ತಟ್ಟೆ ದಿನಕ್ಕೆರಡು ಸಲ ಖಾಲಿ ಮಾಡುತ್ತೇನೆ. ಎಂಟು ಗಂಟೆ. ರಾತ್ರಿ ಒಮ್ಮೆಯೂ ಏಳದೆ ಮಲಗಿದೆ.

ಅಣ್ಣ ಈಗ ಜಗಳಕ್ಕೆ ಬರುವುದಿಲ್ಲ. ಮನೆ ಶಾಂತವಾಗಿದೆ.

ಜನವರಿ 2, ಶುಕ್ರವಾರ

ಹತ್ತು ಗಂಟೆ! ಮನೆಯ ಪೈಪಿನ ದಾರಿಯನ್ನು ಅಗೆಯಲು ಆಗದು, ನೆಲ ಕಲ್ಲಾಗಿದೆ. ಆದರೆ ಅದರ ಮೇಲೆ ಹುಲ್ಲಿನ ಚೀಲ ಹೊದಿಸಿ ಡೇರೆ ಬಟ್ಟೆ ಎಳೆದೆ. ಒಲೆಯ ಮೈಗೆ ಗಾಜುನಾರಿನ ಹೊದಿಕೆ ಹಾಕಿ, ಮೇಲೆ ತಗಡಿನ ಅಂಗಿ. ತಗಡನ್ನು ಬಟ್ಟೆಯ ಹಾಗೆಯೇ ಕಾಗದದಲ್ಲಿ ಮಾದರಿ ತೆಗೆದು ಕತ್ತರಿಸಿದೆ. ಚಿಮಣಿಯ ಕುತ್ತಿಗೆಗೆ ಕಾಲರ್ ಕೂಡ ಇದೆ. ಸೌದೆಯವನು ನೋಡಿ, ಅಕ್ಕ ಇದಕ್ಕೆ ಗುಂಡಿ ಒಂದು ಬಾಕಿ ಅಂದ.

ಈಗ ನಾನು ಅದನ್ನು ಬಕಾಸುರ ಅನ್ನುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಅದನ್ನೇ ನೋಡಲು ಹೋಗುತ್ತೇನೆ. ಅಣ್ಣನ ಚಹಾ ಆಮೇಲೆ.

ಆದರೆ ಹತ್ತಕ್ಕೆ ನಿಂತುಬಿಟ್ಟಿದೆ. ಎಷ್ಟೇ ತಿಣುಕಿದರೂ ಹತ್ತೇ. ಇನ್ನು ನಾಲ್ಕು ಗಂಟೆ ಎಲ್ಲಿಂದ ತರಲಿ? ದಿನ ಇರುವುದು ಇಪ್ಪತ್ತಾರು.

ಜನವರಿ 15, ಗುರುವಾರ

ಸಿಕ್ಕಿತು. ಒಲೆಯ ಬೆನ್ನಿಗೆ ತಗಡು ಕೂರಿಸಲು ಗುಜರಿ ಸರಿಸುತ್ತಿದ್ದಾಗ, ಬೂದಿಯೊಳಗೆ ಹೂತುಹೋಗಿದ್ದ ಒಂದು ವಾಲ್ವ್. ಕೆಂಪು ಚಕ್ರ, ತುಕ್ಕು. ಶೆಡ್ಡಿನ ದಿಕ್ಕಿಗೇ ಪೈಪು. ಸುತ್ತಿಗೆಯಿಂದ ಎರಡು ಏಟು ಹಾಕಿ ಪೂರ್ತಿ ತಿರುಗಿಸಿ ಮುಚ್ಚಿದೆ. ತಂಟೆಗೆ ಹೋಗಬೇಡ ಅಂದವನಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಜನವರಿ 17, ಶನಿವಾರ

ಹದಿನಾಲ್ಕು ಗಂಟೆ ಹತ್ತು ನಿಮಿಷ.

ಮತ್ತೊಮ್ಮೆ ಬರೆಯುತ್ತೇನೆ. ಹದಿನಾಲ್ಕು ಗಂಟೆ ಹತ್ತು ನಿಮಿಷ. ಬೆಳಿಗ್ಗೆ ಆರಕ್ಕೆ ತುಂಬಿದ ಒಲೆ ರಾತ್ರಿ ಎಂಟು ಹತ್ತಕ್ಕೆ ಐವತ್ತಕ್ಕೆ ಇಳಿಯಿತು. ಐವತ್ತರವರೆಗೆ ಅಣ್ಣನ ಕೋಣೆಗೆ ಚಳಿ ಹತ್ತುವುದಿಲ್ಲ. ನಾನು ಅಂಗಳದಲ್ಲಿ, ಆ ಚಳಿಯಲ್ಲಿ, ಒಬ್ಬಳೇ ಎರಡು ಸುತ್ತು ಕುಣಿದೆ. ಯಾರಾದರೂ ನೋಡಿದ್ದರೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ಬಸ್ಸಿಗೆ ಐದು ನಿಮಿಷ ತಡವಾದರೂ ಅಡ್ಡಿಯಿಲ್ಲ. ಪೆಟ್ಟಿಗೆಯಿಂದ ನನ್ನ ದೊಡ್ಡ ಕತ್ತರಿ ತೆಗೆದು ಸಾಣೆ ಹಿಡಿದೆ.

ಅಣ್ಣನಿಗೆ ಅವತ್ತು ಏನು ಇಟ್ಟು ಹೋಗುವುದು ಎಂದೂ ಯೋಚಿಸಿದೆ. ಫ್ಲಾಸ್ಕಿನಲ್ಲಿ ಗಂಜಿ, ಬ್ರೆಡ್ಡು, ಮಾತ್ರೆ, ಕೈಗೆ ಸಿಗುವ ಹಾಗೆ ಸ್ಟೂಲಿನ ಮೇಲೆ. ಸಾಕು.

ಜನವರಿ 18, ಭಾನುವಾರ

ಅಣ್ಣ ಕೇಳಿದ, ಟೀಚರ್ ಮನೆಯ ಕಿಟಕಿ ಹೇಗಿದೆ ಅಂತ. ಆರು ವರ್ಷದಿಂದ ಮುಖ ನೋಡದವರ ಕಿಟಕಿಯ ಚಿಂತೆ ಇವನಿಗೆ. ಕಿಟಕಿ ಕಿಟಕಿಯ ಹಾಗೇ ಇದೆ ಅಂದೆ.

ಜನವರಿ 20, ಮಂಗಳವಾರ

ಇವತ್ತು ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಅಣ್ಣನಿಗೆ ಗಂಜಿ ಕುಡಿಸುತ್ತಿದ್ದೆ. ಮತ್ತೆ ಅದೇ ಪ್ರಶ್ನೆ. ಈ ಸಲ ಬೇಸರದಿಂದ, ಗಾಜಿನ ತುಂಬ ಹಿಮ ಕಟ್ಟಿದೆ ಅಂದೆ.

"ಗಾಜಿನ ಹೊರಗಡೆನಾ, ಒಳಗಡೆನಾ?"

ಇದೆಂಥ ಪ್ರಶ್ನೆ ಅನ್ನಿಸಿತು. ಆದರೆ ಅವನ ಮುಖ ನೋಡಿ ಎದ್ದು ಹೋದೆ. ಬೇಲಿಯವರೆಗೆ ಹೋಗಿ ನೋಡಿದೆ. ಹಿಮ ಒಳಗಡೆಯಿಂದ ಕಟ್ಟಿತ್ತು. ಒಳಗೆ ಯಾರೋ ಬೆರಳಿಂದ ಕೆರೆದು ಒಂದು ಸಣ್ಣ ತೂತು ಮಾಡಿಕೊಂಡಿದ್ದರು. ಕೆಮ್ಮು ಕೇಳಿಸಿತು. ಕೆಳಗೆ ನೋಡಿದರೆ, ಡಿಸೆಂಬರಿನಲ್ಲಿ ನಾನು ಕಂಡಿದ್ದ ಎರಡನೆಯ ಕಪ್ಪು ಪಟ್ಟೆಯ ಗುರುತು ಹಿಮದಲ್ಲಿ ತಗ್ಗಾಗಿ ಇನ್ನೂ ಇತ್ತು. ಶೆಡ್ಡಿನ ಗೋಡೆಯ ಪಕ್ಕದಲ್ಲಿ ಹಾದು, ಬೇಲಿಯ ಅಡಿಯಲ್ಲಿ ನುಗ್ಗಿ, ಟೀಚರ್ ಮನೆಯ ಗೋಡೆಗೆ ಹೋಗಿ ಮುಟ್ಟಿತ್ತು. ಅದು ಶೆಡ್ಡಿಗೆ ಹೋಗುವ ಪೈಪಲ್ಲ.

ವಾಪಸು ಬಂದಾಗ ಅಣ್ಣ ಕೇಳಿದ್ದು ಒಂದೇ, "ಕೆಂಪು ವಾಲ್ವ್ ತಿರುಗಿಸಿದ್ಯಾ?"

ಎಷ್ಟು ದಿನವಾಯಿತು ಅಂದ. ಐದು ಅಂದೆ. ಅವನು ಕಣ್ಣು ಮುಚ್ಚಿಕೊಂಡ.

ಆಗ ನನಗೆ ಬಂದ ಸಿಟ್ಟು ಬೇರೆ ಯಾವತ್ತೂ ಬಂದಿರಲಿಲ್ಲ. ಎಲ್ಲ ಹೇಳಿಬಿಟ್ಟೆ. ಫೋನು, ಇಪ್ಪತ್ತೆಂಟನೇ ತಾರೀಕು, ಹದಿನಾಲ್ಕು ಗಂಟೆ. ಹದಿನೇಳು ತಿಂಗಳು ನಾನು ನಿದ್ದೆಗೆಟ್ಟು ಕಾಯಿಸಿದ ನೀರಿನಲ್ಲಿ ಪಾಲು, ನಮ್ಮ ಮೇಲೆ ದೂರು ಕೊಟ್ಟ ಹೆಂಗಸಿನ ಮನೆಗೆ ಹೋಗುತ್ತಿತ್ತು, ನನಗೆ ಒಂದು ಮಾತೂ ಹೇಳಲಿಲ್ಲ. ನಾನು ಗೂಟಕ್ಕೆ ಕಟ್ಟಿದ ಹಸುವೇ? ಇನ್ನು ಎಂಟು ದಿನ ಇದೆ, ಆ ದಿನ ಕಳೆದ ಮೇಲೆ ವಾಲ್ವ್ ತೆಗೆಯುತ್ತೇನೆ, ಅಲ್ಲಿಯವರೆಗೆ ಆಕೆ ಸ್ವೆಟರ್ ಹಾಕಿಕೊಳ್ಳಲಿ ಅಂದೆ.

ಅಣ್ಣ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ.

"ಆರು ವರ್ಷ ಮಾತಾಡ್ಸಿಲ್ಲ ಕಣೇ. ಆದ್ರೆ ನೀರು ನಿಲ್ಸಿಲ್ಲ."

ಹೊರಗೆ ಹೋಗಿ ಕೆಂಪು ಚಕ್ರದ ಮೇಲೆ ಕೈ ಇಟ್ಟೆ. ಬಹಳ ಹೊತ್ತು ಇಟ್ಟೆ. ತಿರುಗಿಸದೆ ಬಂದೆ. ಈ ಪುಸ್ತಕದಲ್ಲಿ ಇಲ್ಲಿಯವರೆಗೆ ಒಂದೂ ಸುಳ್ಳು ಅಂಕಿ ಬರೆದಿಲ್ಲ, ಆದ್ದರಿಂದ ಇದನ್ನೂ ಬರೆಯುತ್ತೇನೆ. ತಿರುಗಿಸದೆ ಬಂದೆ.

ಜನವರಿ 21, ಬುಧವಾರ

ಬೆಳಿಗ್ಗೆ ಒಲೆಗೆ ಸೌದೆ ಹಾಕಲು ಹೋದಾಗ ಆ ಕೆಮ್ಮು ಮತ್ತೆ ಕೇಳಿಸಿತು. ವಾಲ್ವ್ ತೆಗೆದೆ. ಸುತ್ತಲ ಮಣ್ಣಿನಲ್ಲಿ ಉಳಿದಿದ್ದ ಕಾವಿಗೆ ಆ ಪೈಪು ಇನ್ನೂ ಹೆಪ್ಪುಗಟ್ಟಿರಲಿಲ್ಲ, ನೀರು ಹರಿಯುವ ಸದ್ದು ಕೇಳಿಸಿತು. ತೆಗೆದ ಮೇಲೆ ಅಲ್ಲೇ ಸೌದೆಯ ರಾಶಿಯ ಮೇಲೆ ಕೂತು ಅತ್ತೆ. ಟೀಚರ್‌ಗಾಗಿ ಅಲ್ಲ, ನನ್ನ ನಾಲ್ಕು ಗಂಟೆಗಾಗಿ.

ಆಮೇಲೆ ಮುಖ ತೊಳೆದುಕೊಂಡು ಬೇಲಿ ಸುತ್ತಿ ಆ ಮನೆಗೆ ಹೋದೆ. ಹದಿನೇಳು ತಿಂಗಳಲ್ಲಿ ಮೊದಲ ಸಲ. ಟೀಚರ್ ಕೋಟು, ಅದರ ಮೇಲೆ ಶಾಲು, ತಲೆಗೆ ಟೋಪಿ ಹಾಕಿಕೊಂಡು, ಕಾಲ ಬಳಿ ಅಂಗೈಯಗಲದ ಹೀಟರ್ ಇಟ್ಟುಕೊಂಡು ಕೂತಿದ್ದರು. ನಾನು ತಪ್ಪಾಯಿತು ಅಂದೆ. ಅವರು ನನ್ನನ್ನು ಪಾಠ ಒಪ್ಪಿಸುವ ಹುಡುಗಿಯ ಹಾಗೆ ನೋಡಿದರು.

"ಕೊನೆಗೂ ನಿಮ್ಮಣ್ಣನಿಗೆ ನನ್ ಮೇಲೆ ಸಿಟ್ಟು ಬಂತು ಅಂದ್ಕೊಂಡೆ" ಅಂದರು. ಅವರ ಕಣ್ಣಿನಲ್ಲಿ ನೀರಿತ್ತು, ನೆಗಡಿಯದೂ ಇರಬಹುದು.

ಅವರ ಮನೆಯ ಸ್ಟೋವ್ ಕುಸಿದುಬಿದ್ದ ವರ್ಷ ಅಣ್ಣ ಈ ಪೈಪು ಎಳೆದುಕೊಟ್ಟನಂತೆ. ಅಷ್ಟು ಉಪಕಾರ ಮಾಡಿದವರ ಮೇಲೆ ದೂರು ಕೊಟ್ಟಿರಲ್ಲ ಎಂದು ಕೇಳಿಯೇಬಿಟ್ಟೆ. ಹೊಗೆ ಹೊಗೆಯೇ, ಬಿಸಿನೀರು ಬಿಸಿನೀರೇ, ಎರಡನ್ನೂ ಕೂಡಿಸಿ ಕಳೆಯಲು ಬರುವುದಿಲ್ಲ ಅಂದರು. ಇವರಿಬ್ಬರೂ ಆರು ವರ್ಷ ಮಾತು ಬಿಟ್ಟದ್ದು ಯಾಕೆ ಎಂದು ನನಗೆ ಆ ಗಳಿಗೆಯಲ್ಲಿ ಅರ್ಥವಾಯಿತು. ಒಬ್ಬರಿಗಿಂತ ಒಬ್ಬರು ಗಟ್ಟಿ.

ಇಪ್ಪತ್ತೆಂಟನೇ ತಾರೀಕಿನ ವಿಷಯ ಹೇಳಿದೆ. ಒಲೆಗೆ ಹತ್ತು ಗಂಟೆ ಸಾಮರ್ಥ್ಯ ಇದೆ, ನಡುವೆ ಒಮ್ಮೆ ನೀವು ಸೌದೆ ಹಾಕಿದರೆ ಸಾಕು ಅಂದೆ. ಅವರು ಕಾಗದ ತೆಗೆದುಕೊಂಡು ಬರೆಯಲು ಶುರು ಮಾಡಿದರು.

"ಒಲೆಗೆ ಹತ್ತು ಗಂಟೆ, ಸರಿ. ನಿಮ್ಮಣ್ಣನಿಗೆ ಎಷ್ಟು?"

ಅದನ್ನು ನಾನು ಅಳೆದಿರಲಿಲ್ಲ. ಫ್ಲಾಸ್ಕಿನಲ್ಲಿ ಗಂಜಿ ಇಟ್ಟುಹೋಗುತ್ತೇನೆ ಅಂದೆ. ಅವರು ಕಾಗದದಲ್ಲಿ ಒಂದು ಗೆರೆ ಎಳೆದು, ಅದರ ಪಕ್ಕ ಇನ್ನೊಂದು ಕಲಂ ಮಾಡಿದರು.

ಮನೆಗೆ ಬಂದು ಟೀಚರ್ ಬರುತ್ತಾರೆ ಎಂದು ಅಣ್ಣನಿಗೆ ಹೇಳಿದೆ. ಗಡ್ಡ ಬೋಳಿಸಬೇಕು ಅಂದ. ಇನ್ನೂ ಒಂದು ವಾರ ಇದೆ ಎಂದರೂ ಕೇಳಲಿಲ್ಲ.

ಜನವರಿ 28, ಬುಧವಾರ

ಬೆಳಿಗ್ಗೆ 6: ನೀರು 82. ಒಲೆ ತುಂಬ ತುಂಬಿದೆ. ಬಸ್ಸು ಸಮಯಕ್ಕೆ ಬಂತು.

ಬಸ್ಸಿನಲ್ಲಿ ಮೊದಲ ಮೂರು ಗಂಟೆ ಚೆನ್ನಾಗಿತ್ತು. ಆಮೇಲೆ ಕಾರಣವಿಲ್ಲದೆ ಸೀಟಿನಿಂದ ಎದ್ದೆದ್ದು ಕೂತೆ. ಹದಿನೇಳು ತಿಂಗಳಿಂದ ಮೂರು ಗಂಟೆಗಿಂತ ದೂರ ಹೋಗಿರದ ಮೈ ಅದು, ಎದ್ದು ಸೌದೆ ಹಾಕು ಅನ್ನುತ್ತಿತ್ತು. ಕಿಟಕಿಯಾಚೆ ಕಂಡ ಚಿಮಣಿಗಳನ್ನೆಲ್ಲ ನೋಡಿ, ಇವರು ಹಸಿ ಸೌದೆ ಸುಡುತ್ತಿದ್ದಾರೆ, ಇವರದು ಪರವಾಗಿಲ್ಲ ಎಂದು ಎಣಿಸುತ್ತಾ ಹೋದೆ.

ಕಾರ್ಖಾನೆಯಲ್ಲಿ ಏಳು ಪದರ ಡೇರೆ ಬಟ್ಟೆ ಹಾಸಿ ಕೊಟ್ಟರು. ಕತ್ತರಿ ಇಳಿಸಿದ ಮೇಲೆ ಏನೂ ನೆನಪಿಲ್ಲ. ಮುಗಿದಾಗ ಉಳಿದ ಚೂರುಗಳನ್ನು ಮೇಲ್ವಿಚಾರಕಿ ಒಟ್ಟು ಮಾಡಿದಳು, ಒಂದು ಮುಷ್ಟಿ. ಫೆಬ್ರವರಿ ಒಂಬತ್ತರಿಂದ ಬನ್ನಿ, ವಾರಕ್ಕೆ ನಾಲ್ಕು ದಿನ ಅಂದಳು. ನಾಳೆ ಹೇಳ್ತೀನಿ ಅಂದೆ. ಅವಳಿಗೆ ಆಶ್ಚರ್ಯವಾಯಿತು, ನನಗೂ.

ಎಂಟಕ್ಕೆ ಇಳಿದು ಓಡಿಕೊಂಡೇ ಬಂದೆ. ಟೀಚರ್ ಬಾಗಿಲಲ್ಲೇ ಸಿಕ್ಕರು, ಬೇಕಾದರೆ ಮುಂದೆಯೂ ಹಗಲು ಬರುತ್ತೇನೆ ಎಂದು ಹೇಳಿ ಮನೆಗೆ ಹೋದರು. ಅಣ್ಣ ಗೊರಕೆ ಹೊಡೆಯುತ್ತಿದ್ದ. ಹಗಲು ಗಾಳಿಗೆ ಕೂತು ಬಂದವರ ಹಾಗೆ ಕೆನ್ನೆ ಕೆಂಪಗಿತ್ತು. ಗಾಲಿಕುರ್ಚಿಯ ಮೇಲಿದ್ದ ಬಟ್ಟೆಯೆಲ್ಲ ಮಡಿಸಿ ನನ್ನ ಹಾಸಿಗೆಯ ಮೇಲಿಟ್ಟಿದ್ದರು. ಕುರ್ಚಿಯ ಚಕ್ರ ಒದ್ದೆಯಾಗಿತ್ತು. ಒಲೆಯ ಬಾಗಿಲಿಗೆ ನಾನು ಸಿಕ್ಕಿಸಿಟ್ಟಿದ್ದ ಹಾಳೆಯನ್ನು ತಂದು ಇಲ್ಲಿ ಅಂಟಿಸುತ್ತಿದ್ದೇನೆ.

9.00: ನೀರು 78. ರೋಗಿ: ಚಹಾ. ಮಾತಿಲ್ಲ.
11.00: 73. ರೋಗಿ: ಕಿಟಕಿಯ ರಜಾಯಿ ತೆಗೆಯಿರಿ ಎಂದರು. ತಂಗಿಯ ಅನುಮತಿ ಇಲ್ಲದೆ ಆಗದು ಎಂದೆ.
1.00: 67. ರೋಗಿ: ಗಂಜಿ ಅರ್ಧ. ಹಾಗಾದರೆ ಹೊರಗೆ ಕರೆದುಕೊಂಡು ಹೋಗಿ ಎಂದರು.
2.00: 64. ಹತ್ತು ಕೊರಡು. ರೋಗಿ: ಒಲೆಯ ಮುಂದೆ. ಇಟ್ಟಿಗೆ ನೋಡಿದರು.

ಇಷ್ಟೂ ಟೀಚರ್ ಅಕ್ಷರ, ಅಚ್ಚು ಹಾಕಿದ ಹಾಗೆ. ಅದರ ಕೆಳಗೆ ಬೇರೆ ಕೈ. ಅಂಕಿಗಳು ಅಂಗಾತ ಬಿದ್ದ ಹುಳುವಿನ ಹಾಗಿವೆ, ಎರಡು ಸೊನ್ನೆ ಒಂದರ ಮೇಲೊಂದು ಇಟ್ಟು ಎಂಟು ಮಾಡಲಾಗಿದೆ. ಎಡಗೈಯದು.

3.00: 81.
4.00: 80.
4.30: 80. ಇಟ್ಟಿಗೆ ಸರಿ.

ಜನವರಿ 29, ಗುರುವಾರ

ಬೆಳಿಗ್ಗೆ ಅಂಗಳದಲ್ಲಿ ನೋಡಿದೆ. ಬಾಗಿಲಿನಿಂದ ಒಲೆಯವರೆಗೆ ಚಕ್ರದ ಎರಡು ಗೆರೆ, ನಡುವೆ ಟೀಚರ್ ಬೂಟಿನ ಗುರುತು. ಹೋಗಿ ಬರಲು ಐದು ನಿಮಿಷ ಸಾಕಾಗಿರಬೇಕು.

ಹೊರಗೆ ಹೋಗಬೇಕೆಂದು ನನಗೆ ಯಾಕೆ ಹೇಳಲಿಲ್ಲ ಎಂದು ಅಣ್ಣನನ್ನು ಗದರೋಣ ಎಂದುಕೊಂಡು ಈ ಪುಸ್ತಕ ತಿರುವಿದೆ. ನವೆಂಬರ್ ಒಂಬತ್ತರ ಪುಟದಲ್ಲಿ ಅವನು ಹೇಳಿದ್ದನ್ನು ನಾನೇ ಬರೆದಿಟ್ಟಿದ್ದೇನೆ. ನನಗೆ ನಗು ಬಂತು ಎಂದೂ ಬರೆದಿದ್ದೇನೆ. ಗದರಲಿಲ್ಲ.

ಇಕ್ಕಳ ತಂದು ಕಿಟಕಿಯ ಮೊಳೆ ಒಂದೊಂದಾಗಿ ಕಿತ್ತು ರಜಾಯಿ ಇಳಿಸಿದೆ. ಬೆಳಕಿಗೆ ಅಣ್ಣ ಕಣ್ಣು ಕಿರಿದು ಮಾಡಿದ. ಒಲೆ, ಶೆಡ್ಡು, ಬೇಲಿ. ಟೀಚರ್ ಕಿಟಕಿಯ ಗಾಜು ಒಳಗೂ ಹೊರಗೂ ತಿಳಿಯಾಗಿತ್ತು. ಗಾಳಿ ಸೂಜಿಯ ಹಾಗೆ ಬಂತು. ಇದರಿಂದ ಅರ್ಧ ಗಂಟೆಯಾದರೂ ಹೋಗುತ್ತದೆ ಅಂದೆ. ಹೋಗಲಿ ಬಿಡು, ಸ್ವೆಟರ್ ಕೊಡು ಅಂದ.

ಸ್ವೆಟರಿನ ತೋಳಿಗೆ ಅವನ ಬಲಗೈ ತೂರಿಸುತ್ತಾ, ಒಂಬತ್ತನೇ ತಾರೀಕು, ವಾರಕ್ಕೆ ನಾಲ್ಕು ದಿನ ಎಂದು ಹೇಳಿದೆ. ಆಗದು ಎಂದರೆ ಫೋನು ಮಾಡಿ ಆಗದು ಅನ್ನುತ್ತೇನೆ ಎಂದೂ ಹೇಳಿದೆ. ಹಗಲು ನೋಡಿಕೊಳ್ಳಲು ಟೀಚರ್ ಬರ್ತಾರಂತೆ, ಅವರೇ ಹೇ‍ಳಿದರು, ಆದರೆ ಒಲೆ ಅಷ್ಟು ದಿನ ಬೇರೆಯವರ ಕೈಯಲ್ಲಿ ಹೇಗೆ ಅಂದೆ.

ಅಣ್ಣ ಸ್ವೆಟರಿನ ಕೊರಳನ್ನು ಎಡಗೈಯಿಂದ ಸರಿಮಾಡಿಕೊಂಡ.

"ಒಲೆ ನಂದು ಕಣೇ. ನಿಂಗ್ಯಾವಾಗ ಕೊಟ್ಟೆ?"

ಕಾರ್ಖಾನೆಗೆ ಫೋನು ಮಾಡಿದೆ, ಒಂಬತ್ತರಿಂದ ಬರುತ್ತೇನೆ ಅಂದೆ. ಅದು ಮುಗಿಯುವಷ್ಟರಲ್ಲಿ ಟೀಚರ್ ಬಂದರು, ಕುರ್ಚಿ ಹೊರಗೆ ಹೋಯಿತು. ಹೊಸ ಹಾಳೆ ಒಲೆಯ ಬಾಗಿಲಲ್ಲಿದೆ, ಪೆನ್ಸಿಲು ಅಣ್ಣನ ಎಡಗೈಯಲ್ಲಿದೆ. ಇಬ್ಬರೂ ಒಲೆಯ ಮುಂದೆ ಕೂತು ಎಷ್ಟು ಕೊರಡು ಹಾಕಬೇಕೆಂದು ಜಗಳ ಮಾಡುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ.

ಮಧ್ಯಾಹ್ನ ಹನ್ನೆರಡು ಗಂಟೆ. ನೀರು ಎಷ್ಟಿದೆಯೋ ನನಗೆ ಗೊತ್ತಿಲ್ಲ.